ಕೊಲೊರೆಕ್ಟಲ್ ಸರ್ಜನ್ ಬಳಿ ಹೋಗುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಹೊರರೋಗಿ ವಿಭಾಗದಲ್ಲಿ ನನ್ನೆದುರು ಕುಳಿತವರು ಮೊದಲ ಎರಡು ನಿಮಿಷ ಗ್ಯಾಸ್ಟ್ರಿಕ್ ಬಗ್ಗೆ ಮಾತನಾಡುತ್ತಾರೆ. ಆಮೇಲೆ ಬಾಗಿಲು ಮುಚ್ಚಿದೆಯೇ ಎಂದು ಒಮ್ಮೆ ತಿರುಗಿ ನೋಡಿ, ದನಿ ತಗ್ಗಿಸಿ, "ಸ್ವಲ್ಪ ಕೆಳಗಡೆ ತೊಂದರೆ ಇದೆ ಡಾಕ್ಟರೇ" ಎನ್ನುತ್ತಾರೆ. ಇಲ್ಲಿರುವ ಪ್ರಶ್ನೆಗಳು ಆ ಎರಡು ನಿಮಿಷ ಕಳೆದ ಮೇಲೆ ಬಂದವು. ಕೆಲವನ್ನು ಎದ್ದು ಹೊರಟು, ಬಾಗಿಲ ಹಿಡಿಯ ಮೇಲೆ ಕೈಯಿಟ್ಟುಕೊಂಡು ಕೇಳಿದ್ದಾರೆ. ಅವುಗಳಿಗೇ ಉದ್ದದ ಉತ್ತರ ಬರೆದಿದ್ದೇನೆ.

ಕೊಲೊರೆಕ್ಟಲ್ ಸರ್ಜನ್ ಎಂದರೆ ಯಾರು? ಪೈಲ್ಸ್ ಡಾಕ್ಟರೇ ತಾನೆ?

ಹಾಗೆಂದು ಕರೆದರೂ ನನಗೆ ಬೇಸರವಿಲ್ಲ. ದೊಡ್ಡಕರುಳು ಸುಮಾರು ಒಂದೂವರೆ ಮೀಟರ್ ಉದ್ದದ ಅಂಗ. ಅದರ ಕೊನೆಯ 12ರಿಂದ 15 ಸೆಂಟಿಮೀಟರ್ ಗುದನಾಳ, ಅದರ ಕೆಳಗಿನ ಮೂರು ನಾಲ್ಕು ಸೆಂಟಿಮೀಟರ್ ಗುದಮಾರ್ಗ. ಇಷ್ಟೂ ಭಾಗದ ಕಾಯಿಲೆಗಳು ನಮ್ಮ ಕೆಲಸ: ಮೂಲವ್ಯಾಧಿ, ಫಿಶರ್ ಎಂಬ ಸೀಳು, ಭಗಂದರ ಎಂಬ ಸುರಂಗದಂಥ ಹುಣ್ಣು (ಫಿಸ್ಟುಲಾ), ಗುದನಾಳ ಹೊರಜಾರುವುದು, ಹಟಮಾರಿ ಮಲಬದ್ಧತೆ, ಮಲದ ಮೇಲೆ ಹಿಡಿತ ತಪ್ಪುವುದು, ಕರುಳಿನ ಉರಿಯೂತಗಳಾದ ಅಲ್ಸರೇಟಿವ್ ಕೊಲೈಟಿಸ್ ಮತ್ತು ಕ್ರೋನ್ಸ್ ಕಾಯಿಲೆಯ ಶಸ್ತ್ರಚಿಕಿತ್ಸೆ, ಕರುಳಿನ ಕ್ಯಾನ್ಸರ್.

ಇಷ್ಟು ಚಿಕ್ಕ ಜಾಗಕ್ಕೆ ಪ್ರತ್ಯೇಕ ತಜ್ಞರೇಕೆ ಎಂದು ಕೇಳುವವರಿಗೆ ನಾನು ಆ ಕೊನೆಯ ನಾಲ್ಕು ಸೆಂಟಿಮೀಟರ್ ತೋರಿಸುತ್ತೇನೆ. ತುಂಬಿದ ಬಸ್ಸಿನಲ್ಲಿ ನಿಂತಿದ್ದೀರಿ, ಒಳಗೆ ಏನೋ ಕೆಳಗಿಳಿದಂತಾಯಿತು. ಅದು ಗಾಳಿಯೋ, ನೀರೋ, ಗಟ್ಟಿಯೋ ಎಂದು ಆ ಜಾಗ ಕ್ಷಣದಲ್ಲಿ ಗುರುತಿಸುತ್ತದೆ. ಗಾಳಿಯಾದರೆ ಮಾತ್ರ ಬಿಡುತ್ತದೆ, ಉಳಿದದ್ದನ್ನು ನಿಲ್ದಾಣ ಬರುವ ತನಕ ತಡೆಯುತ್ತದೆ. ಈ ವಿವೇಕವನ್ನು ಮರಳಿ ಕೊಡುವ ಯಂತ್ರ ಇನ್ನೂ ಬಂದಿಲ್ಲ. ಆದ್ದರಿಂದ ಅಲ್ಲಿ ಕತ್ತರಿ ಆಡಿಸುವವರಿಗೆ ಎಲ್ಲಿ ನಿಲ್ಲಿಸಬೇಕು ಎಂಬುದು ಗೊತ್ತಿರಬೇಕು.

ವಿಭಾಗ ಹೊಸದೇನಲ್ಲ. ಫ್ರೆಡರಿಕ್ ಸಾಲ್ಮನ್ ಎಂಬ ಶಸ್ತ್ರವೈದ್ಯ 1835ರಲ್ಲಿ ಲಂಡನ್ನಿನಲ್ಲಿ ಏಳು ಹಾಸಿಗೆಗಳ ಪುಟ್ಟ ಆಸ್ಪತ್ರೆ ತೆರೆದರು. ಭಗಂದರ ಮತ್ತು ಗುದನಾಳದ ರೋಗಗಳಿಂದ ನರಳುವ ಬಡವರಿಗೆಂದೇ ಮೀಸಲಾಗಿದ್ದ ಅದು ಮುಂದೆ ಸೇಂಟ್ ಮಾರ್ಕ್ಸ್ ಆಸ್ಪತ್ರೆಯಾಗಿ ಬೆಳೆಯಿತು. ಈ ವಿಷಯದ ಪಠ್ಯಪುಸ್ತಕದ ಅರ್ಧ ಹೆಸರುಗಳು ಅಲ್ಲಿಂದಲೇ ಬಂದಿವೆ.

ಇದಕ್ಕೆ ಎಷ್ಟು ವರ್ಷ ಓದಬೇಕು?

ಲೆಕ್ಕ ಹಾಕಿ. ಎಂಬಿಬಿಎಸ್ ನಾಲ್ಕೂವರೆ ವರ್ಷ, ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್. ನೀಟ್ ಪಿಜಿ ಬರೆದು ಎಂಎಸ್ ಜನರಲ್ ಸರ್ಜರಿ ಅಥವಾ ಅದಕ್ಕೆ ಸಮನಾದ ಡಿಎನ್‌ಬಿ, ಮೂರು ವರ್ಷ. ಅಲ್ಲಿಂದ ನೀಟ್ ಎಸ್ಎಸ್ ಬರೆದು ಎಂಸಿಎಚ್ ಎಂಬ ಸೂಪರ್ ಸ್ಪೆಷಾಲಿಟಿ ಪದವಿ, ಇನ್ನೂ ಮೂರು ವರ್ಷ. ಸಾಮಾನ್ಯವಾಗಿ ಜೀರ್ಣಾಂಗಗಳ ಶಸ್ತ್ರಚಿಕಿತ್ಸೆ ಅಥವಾ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಎಂಸಿಎಚ್ ಮಾಡಿ, ಬಳಿಕ ದೊಡ್ಡಕರುಳಿನ ವಿಭಾಗ ಪ್ರತ್ಯೇಕವಾಗಿರುವ ದೊಡ್ಡ ಆಸ್ಪತ್ರೆಯಲ್ಲಿ ಫೆಲೋಶಿಪ್ ಮಾಡುತ್ತಾರೆ. ವೆಲ್ಲೂರಿನ ಸಿಎಂಸಿ, ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಗಳಲ್ಲಿ ಇಂಥ ವಿಭಾಗಗಳಿವೆ. ಕೆಲವರು ಬ್ರಿಟನ್, ಜಪಾನ್, ದಕ್ಷಿಣ ಕೊರಿಯಾಕ್ಕೆ ಹೋಗಿ ಕಲಿತು ಬರುತ್ತಾರೆ. ಎಂಎಸ್ ಮುಗಿಸಿ ನೇರವಾಗಿ ಈ ಕೆಲಸಕ್ಕೇ ಇಳಿದು, ಹಿರಿಯರ ಕೈಕೆಳಗೆ ವರ್ಷಗಟ್ಟಲೆ ಪಳಗಿದವರೂ ಇದ್ದಾರೆ. ಅವರಲ್ಲಿ ಕೆಲವರ ಕೈಚಳಕದ ಮುಂದೆ ನಮ್ಮ ಪದವಿಗಳು ಸಪ್ಪೆ.

ಅಮೆರಿಕದಲ್ಲಿರುವ ಮಕ್ಕಳು ಫೋನ್ ಮಾಡಿ "ಅಪ್ಪನಿಗೆ ಬೋರ್ಡ್ ಸರ್ಟಿಫೈಡ್ ಡಾಕ್ಟರೇ ಬೇಕು" ಎಂದು ಹೇಳುವುದುಂಟು. ಅಲ್ಲಿ ಐದು ವರ್ಷ ಜನರಲ್ ಸರ್ಜರಿ, ಆಮೇಲೆ ಒಂದು ವರ್ಷ ಕೊಲೊರೆಕ್ಟಲ್ ತರಬೇತಿ ಪಡೆದು ಅದಕ್ಕೆಂದೇ ಇರುವ ಬೋರ್ಡಿನ ಪರೀಕ್ಷೆ ಪಾಸಾಗಬೇಕು. ನಮ್ಮಲ್ಲಿ ಆ ಬೋರ್ಡಿಲ್ಲ. ಹಾಗಾಗಿ ಇಲ್ಲಿ ನೋಡಬೇಕಾದದ್ದು ತರಬೇತಿ ಎಲ್ಲಿ ಆಯಿತು, ದಿನನಿತ್ಯ ಮಾಡುವ ಕೆಲಸ ಯಾವುದು ಎಂಬುದನ್ನು.

ನಾಮಫಲಕದಲ್ಲಿ ಇಷ್ಟೊಂದು ಅಕ್ಷರಗಳಿರುತ್ತವೆ. ಯಾವುದಕ್ಕೆ ಬೆಲೆ?

ಎಂಎಸ್, ಡಿಎನ್‌ಬಿ, ಎಂಸಿಎಚ್ ಇವು ವರ್ಷಗಳ ತರಬೇತಿ. ಅದರ ಮುಂದಿನ ಎಫ್ ಅಕ್ಷರದ ಸಾಲಿನಲ್ಲಿ ಎಲ್ಲವೂ ಬೆರೆತಿರುತ್ತವೆ: ಒಂದೆರಡು ವರ್ಷದ ಪೂರ್ಣಾವಧಿ ಫೆಲೋಶಿಪ್ ಇರಬಹುದು, ಕೆಲವೇ ದಿನಗಳ ಕೋರ್ಸ್ ಇರಬಹುದು, ಬರೀ ಸಂಘದ ಸದಸ್ಯತ್ವವೂ ಇರಬಹುದು. ಫಲಕ ನೋಡಿ ಗೊತ್ತಾಗುವುದಿಲ್ಲ, ಕೇಳಬೇಕು. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಚೀಟಿಯ ಮೇಲೆ ಇದೆಯೇ ಎಂದು ನೋಡುವುದು ಅದಕ್ಕಿಂತ ಮುಂಚಿನ ಕೆಲಸ. ಬಸ್ ನಿಲ್ದಾಣದ ಗೋಡೆಯ ಮೇಲೆ "ಮೂಲವ್ಯಾಧಿ, ಭಗಂದರಕ್ಕೆ ಒಂದೇ ಇಂಜೆಕ್ಷನ್, ಗ್ಯಾರಂಟಿ" ಎಂದು ಬರೆದಿರುವಲ್ಲಿ ಆ ಸಂಖ್ಯೆ ಇರುವುದಿಲ್ಲ. ಆ ಇಂಜೆಕ್ಷನ್ನಿನಿಂದ ಗುದದ ಸುತ್ತ ಮಾಂಸ ಕೊಳೆತು ಬಂದವರನ್ನು ನಾನು ಐಸಿಯುನಲ್ಲಿ ನೋಡಿದ್ದೇನೆ.

ನಮ್ಮೂರಿನ ಜನರಲ್ ಸರ್ಜನ್ ಸಾಲುವುದಿಲ್ಲವೇ?

ಹೆಚ್ಚಿನ ತೊಂದರೆಗಳಿಗೆ ಧಾರಾಳವಾಗಿ ಸಾಕು. ಸಾಮಾನ್ಯ ಮೂಲವ್ಯಾಧಿ, ಫಿಶರ್, ಸರಳ ಭಗಂದರ, ಕೀವುಗಡ್ಡೆ ಇವಕ್ಕೆ ನೂರು ಕಿಲೋಮೀಟರ್ ಪ್ರಯಾಣ ಬೇಡ. ಗುದನಾಳದ ಕ್ಯಾನ್ಸರ್, ಎರಡು ಮೂರು ಸಲ ಆಪರೇಷನ್ ಆಗಿಯೂ ಮರುಕಳಿಸಿದ ಭಗಂದರ, ಹೆರಿಗೆಯಲ್ಲಿ ಸ್ನಾಯು ಹರಿದು ಹಿಡಿತ ತಪ್ಪಿರುವುದು, ಕೊಲೈಟಿಸ್‌ಗಾಗಿ ಇಡೀ ದೊಡ್ಡಕರುಳು ತೆಗೆಯಬೇಕಾಗಿರುವುದು, ಇಂಥವಕ್ಕೆ ಮಾತ್ರ ಇದನ್ನೇ ಮಾಡುವವರನ್ನು ಹುಡುಕಿಕೊಂಡು ಬನ್ನಿ.

ಮೊದಲ ಭೇಟಿಯಲ್ಲಿ ಏನು ಮಾಡುತ್ತೀರಿ? ತುಂಬ ನೋವಾಗುತ್ತದೆಯೇ?

ಬಹಳ ಜನ ಈ ಭಯಕ್ಕೇ ವರ್ಷಗಟ್ಟಲೆ ಬರುವುದಿಲ್ಲ. ಅದಕ್ಕಾಗಿ ಒಂದೊಂದೇ ಹೆಜ್ಜೆ ಹೇಳುತ್ತೇನೆ.

ಮೊದಲು ಮಾತು. ದಿನಕ್ಕೆ ಎಷ್ಟು ಸಲ, ಗಟ್ಟಿಯೋ ನೀರೋ, ಮುಕ್ಕಬೇಕಾಗುತ್ತದೆಯೇ, ಹೋಗಿ ಬಂದ ಮೇಲೂ ಪೂರ್ತಿ ಆಗಲಿಲ್ಲ ಎನಿಸುತ್ತದೆಯೇ, ರಕ್ತ ಮಲದ ಮೇಲೆ ಗೆರೆಯಂತೆ ಇತ್ತೇ, ಬೆರೆತಿತ್ತೇ, ಕೊನೆಯಲ್ಲಿ ತೊಟ್ಟಿಕ್ಕಿತೇ. ಊಟದ ಹೊತ್ತಿನಲ್ಲಿ ಆಡುವ ಮಾತಲ್ಲ, ಆದರೆ ಅರ್ಧ ರೋಗನಿರ್ಣಯ ಇಲ್ಲೇ ಆಗುತ್ತದೆ. ಮೋಷನ್, ಸಂಡಾಸು, ಹೊರಕಡೆ, ಬಹಿರ್ದೆಸೆ, ನಿಮಗೆ ಯಾವ ಪದ ಬಾಯಿಗೆ ಬರುತ್ತದೋ ಅದನ್ನೇ ಬಳಸಿ. ಯಾವುದೂ ಬಾರದಿದ್ದರೆ ಚೀಟಿಯಲ್ಲಿ ಬರೆದುಕೊಂಡು ಬನ್ನಿ. ಹಾಗೆ ತರುವವರು ತಿಂಗಳಿಗೆ ಇಬ್ಬರಾದರೂ ಇರುತ್ತಾರೆ.

ಆಮೇಲೆ ಪರೀಕ್ಷೆ. ಪರದೆ ಎಳೆದಿರುತ್ತದೆ. ಎಡಮಗ್ಗುಲಿಗೆ ಮಲಗಿ ಮೊಣಕಾಲುಗಳನ್ನು ಎದೆಯ ಕಡೆಗೆ ಮಡಚಿಕೊಳ್ಳಬೇಕು. ಸೊಂಟದಿಂದ ಕೆಳಗೆ ಹೊದಿಕೆ ಇರುತ್ತದೆ, ಬೇಕಾದಷ್ಟೇ ಸರಿಸುತ್ತೇನೆ. ಮೊದಲು ಬರೀ ನೋಡುವುದು. ಫಿಶರ್ ಇದ್ದರೆ ಇಲ್ಲೇ ಕಾಣುತ್ತದೆ, ಆಗ ಬೆರಳು ಹಾಕುವುದೇ ಇಲ್ಲ. ಆ ನೋವಿನ ಮೇಲೆ ಪರೀಕ್ಷೆ ಮಾಡುವುದು ಹಿಂಸೆ. ಫಿಶರ್ ಇಲ್ಲದಿದ್ದರೆ ಕೈಗವಸು, ಜೆಲ್ಲಿ, ತೋರುಬೆರಳು. ಜೆಲ್ಲಿ ತಣ್ಣಗಿರುತ್ತದೆ ಎಂದು ಮುಂಚೆಯೇ ಹೇಳುತ್ತೇನೆ, ಇಲ್ಲದಿದ್ದರೆ ಎಲ್ಲರೂ ಬೆಚ್ಚಿ ಬಿಗಿ ಹಿಡಿಯುತ್ತಾರೆ. ಬಾಯಿ ತೆರೆದು ಉಸಿರು ಬಿಡಿ ಎನ್ನುತ್ತೇನೆ. ಅರ್ಧ ನಿಮಿಷದ ಕೆಲಸ. ಅಗತ್ಯವಿದ್ದರೆ ಪ್ರಾಕ್ಟೊಸ್ಕೋಪ್ ಎಂಬ ಗಿಡ್ಡ ಕೊಳವೆಯಲ್ಲಿ ಒಳಗೆ ನೋಡುತ್ತೇನೆ, ಇನ್ನೊಂದು ನಿಮಿಷ. ಸಾಕು ಎಂದು ನೀವು ಹೇಳಿದ ಕ್ಷಣ ನಿಲ್ಲುತ್ತದೆ.

ಈ ಅರ್ಧ ನಿಮಿಷದ ಬಗ್ಗೆ ನನಗೊಂದು ಕೊರಗಿದೆ. ಗುದನಾಳದ ಕ್ಯಾನ್ಸರ್ ಎಷ್ಟೋ ಜನರಲ್ಲಿ ಬೆರಳಿಗೆ ಎಟುಕುವ ದೂರದಲ್ಲೇ ಇರುತ್ತದೆ. ಆದರೂ ಒಂದು ವರ್ಷ ಪೈಲ್ಸ್ ಮಾತ್ರೆ, ಮುಲಾಮು ಬಳಸಿ, ಮೂರು ನಾಲ್ಕು ಕಡೆ ತೋರಿಸಿ ನಮ್ಮಲ್ಲಿಗೆ ಬಂದವರಿಗೆ "ಇದಕ್ಕೆ ಮುಂಚೆ ಯಾರಾದರೂ ಬೆರಳಿನಿಂದ ಪರೀಕ್ಷೆ ಮಾಡಿದ್ದರೇ?" ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ. ರೋಗಿಗೆ ನಾಚಿಕೆ, ವೈದ್ಯರಿಗೆ ಸಮಯವಿಲ್ಲ. ಮುಟ್ಟದೆಯೇ ಪೈಲ್ಸ್ ಎಂದು ಬರೆದುಕೊಟ್ಟ ಚೀಟಿಯನ್ನು ನಂಬಬೇಡಿ.

ಮಹಿಳೆಯರಿಗೆ ಲೇಡಿ ಡಾಕ್ಟರ್ ಸಿಗುತ್ತಾರೆಯೇ?

ಈ ವಿಭಾಗದಲ್ಲಿ ಮಹಿಳೆಯರು ಇನ್ನೂ ಕಡಿಮೆ, ಆದರೆ ಇದ್ದಾರೆ. ಬೇಕೆಂದರೆ ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಪುರುಷ ವೈದ್ಯರು ಪರೀಕ್ಷಿಸುವಾಗ ನರ್ಸ್ ಜೊತೆಗಿರಲೇಬೇಕು. ಹೆರಿಗೆಯ ನಂತರ ಗಾಳಿ ಅಥವಾ ಮಲ ತಡೆಯಲಾಗದವರು ಅದನ್ನು ಅತ್ತೆಗೂ ಹೇಳದೆ, ಗಂಡನಿಗೂ ಹೇಳದೆ ಹತ್ತು ಹದಿನೈದು ವರ್ಷ ಪ್ಯಾಡ್ ಕಟ್ಟಿಕೊಂಡು ಬದುಕುತ್ತಾರೆ. ಅದಕ್ಕೆ ವ್ಯಾಯಾಮವಿದೆ, ಸ್ನಾಯುವಿನ ಹಿಡಿತವನ್ನು ಯಂತ್ರದ ಪರದೆಯಲ್ಲಿ ನೋಡುತ್ತ ಕಲಿಯುವ ಬಯೋಫೀಡ್‌ಬ್ಯಾಕ್ ಇದೆ, ಹರಿದ ಸ್ನಾಯುವನ್ನು ಹೊಲಿಯಲು ಬರುತ್ತದೆ.

ರಕ್ತ ಹೋಗುವುದು ಉಷ್ಣದಿಂದ ಅಲ್ಲವೇ? ಎಳನೀರು ಕುಡಿದರೆ ನಿಲ್ಲುತ್ತದೆ.

ನಿಲ್ಲುತ್ತದೆ, ಅದೇ ತೊಂದರೆ. ಮೂಲವ್ಯಾಧಿಯ ರಕ್ತ ತಾನಾಗಿ ಬಂದು ತಾನಾಗಿ ನಿಲ್ಲುತ್ತದೆ. ಕ್ಯಾನ್ಸರ್ ಗಡ್ಡೆಯ ರಕ್ತವೂ ಹಾಗೆಯೇ. ಯಶಸ್ಸು ಎರಡೂ ಸಲ ಎಳನೀರಿನ ಖಾತೆಗೆ ಹೋಗುತ್ತದೆ. ಮಲವಿಸರ್ಜನೆಯ ರೂಢಿ ಕೆಲವು ವಾರಗಳಿಂದ ಬದಲಾಗಿದ್ದರೆ, ರಕ್ತ ಮಲದೊಂದಿಗೆ ಬೆರೆತು ಬಂದರೆ, ತೂಕ ಇಳಿಯುತ್ತಿದ್ದರೆ, ರಕ್ತಹೀನತೆ ಇದೆ ಎಂದು ವರದಿ ಬಂದರೆ ಉಷ್ಣದ ಮಾತು ಬಿಟ್ಟು ಬನ್ನಿ.

"ನನಗಿನ್ನೂ ಮೂವತ್ತೈದು, ಕ್ಯಾನ್ಸರ್ ಎಲ್ಲಿಂದ ಬಂತು" ಎನ್ನುವವರಿಗೂ ಒಂದು ಮಾತು. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ನಮ್ಮಲ್ಲಿ ಈ ಕ್ಯಾನ್ಸರ್ ಒಟ್ಟಾರೆ ಕಡಿಮೆ. ಆದರೆ ಬಂದವರಲ್ಲಿ ಕಿರಿಯರ ಪಾಲು ಹೆಚ್ಚು, ಗುದನಾಳದಲ್ಲಿ ಬರುವುದೂ ಹೆಚ್ಚು.

ಮೂಲವ್ಯಾಧಿಗೆ ಆಪರೇಷನ್ ಮಾಡಿಸಲೇಬೇಕೇ?

ಬಹುಪಾಲು ಜನರಿಗೆ ಬೇಡ. ಒಳಮೊಳೆಗಳಲ್ಲಿ ನಾಲ್ಕು ಹಂತಗಳಿವೆ. ಮೊದಲ ಹಂತದಲ್ಲಿ ರಕ್ತ ಮಾತ್ರ. ಎರಡರಲ್ಲಿ ಮೊಳೆ ಹೊರಬಂದು ತಾನೇ ಒಳಹೋಗುತ್ತದೆ, ಮೂರರಲ್ಲಿ ಬೆರಳಿನಿಂದ ತಳ್ಳಬೇಕಾಗುತ್ತದೆ, ನಾಲ್ಕರಲ್ಲಿ ತಳ್ಳಿದರೂ ಹೋಗುವುದಿಲ್ಲ. ಮೊದಲ ಎರಡಕ್ಕೆ ನಾರಿನಂಶ, ನೀರು, ಇಸಬ್‌ಗೋಲು ಸಾಕಾಗುತ್ತವೆ. ಅದಕ್ಕೂ ಬಗ್ಗದಿದ್ದರೆ ಮೊಳೆಯ ಬುಡಕ್ಕೆ ರಬ್ಬರ್ ಬ್ಯಾಂಡ್ ಹಾಕುತ್ತೇವೆ. ಒಳಗಿನ ಪೊರೆಗೆ ನೋವಿನ ಅರಿವಿಲ್ಲವಾದ್ದರಿಂದ ಇದಕ್ಕೆ ಅರಿವಳಿಕೆ ಬೇಡ, ಅರ್ಧ ದಿನದ ರಜೆ ಸಾಕು. ಮೂರರ ಕೊನೆ ಮತ್ತು ನಾಲ್ಕನೆಯ ಹಂತಕ್ಕೆ ಶಸ್ತ್ರಚಿಕಿತ್ಸೆ.

ಸುವರ್ಣಗೆಡ್ಡೆ ತಿನ್ನಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಧಾರಾಳವಾಗಿ ತಿನ್ನಿ, ಒಳ್ಳೆಯ ತರಕಾರಿ. ಮುದ್ದೆ, ಸೊಪ್ಪಿನ ಸಾರು, ಕಾಳು ಇನ್ನೂ ಒಳ್ಳೆಯದು. ಮೊಬೈಲ್ ಮಾತ್ರ ಕಕ್ಕಸಿನ ಹೊರಗಿರಲಿ. ಐದು ನಿಮಿಷದಲ್ಲಿ ಆಗದಿದ್ದರೆ ಎದ್ದು ಬನ್ನಿ, ಮತ್ತೆ ಕರೆ ಬಂದಾಗ ಹೋಗಿ. ಕಮೋಡ್ ಬಳಸುವವರು ಕಾಲಡಿಗೆ ಗಿಡ್ಡ ಮಣೆ ಇಟ್ಟುಕೊಂಡರೆ ಕುಕ್ಕರಗಾಲಿನ ಅನುಕೂಲವೇ ಸಿಗುತ್ತದೆ.

ಗಾಜಿನ ಚೂರು ಹಾದುಹೋದಂತೆ ನೋವು, ಆಮೇಲೆ ಎರಡು ಗಂಟೆ ಉರಿ. ಇದೂ ಪೈಲ್ಸೇ?

ಅಲ್ಲ, ಇದು ಫಿಶರ್, ಅಂದರೆ ಚರ್ಮದಲ್ಲಿ ಸಣ್ಣ ಸೀಳು. ಮಲ ಮೆದುವಾಗಿಸುವುದು, ಬೆಚ್ಚಗಿನ ನೀರಿನ ಟಬ್ಬಿನಲ್ಲಿ ದಿನಕ್ಕೆರಡು ಮೂರು ಸಲ ಹತ್ತು ನಿಮಿಷ ಕೂರುವುದು, ಸ್ನಾಯು ಸಡಿಲಿಸುವ ಡಿಲ್ಟಿಯಾಜೆಮ್ ಮುಲಾಮು ಹಚ್ಚುವುದು, ಇಷ್ಟರಲ್ಲಿ ಹೊಸ ಸೀಳುಗಳು ಹೆಚ್ಚಾಗಿ ಕೆಲವು ವಾರಗಳಲ್ಲೇ ಕೂಡಿಕೊಳ್ಳುತ್ತವೆ. ಟಬ್ಬಿಗೆ ಡೆಟಾಲ್ ಹಾಕಬೇಡಿ. ಹಾಕಿ ಸುಟ್ಟುಕೊಂಡು ಬಂದವರಿದ್ದಾರೆ.

ಭಗಂದರಕ್ಕೆ ಕ್ಷಾರಸೂತ್ರ ಮಾಡಿಸಬಹುದೇ? ನಿಮಗೆ ಆಯುರ್ವೇದ ಎಂದರೆ ಕೋಪವೇ?

ಕೋಪವಿಲ್ಲ. ಕ್ಷಾರ ಲೇಪಿಸಿದ ದಾರದಿಂದ ಭಗಂದರವನ್ನು ನಿಧಾನವಾಗಿ ಕೊಯ್ಯುವ ಮಾತು ಸುಶ್ರುತ ಸಂಹಿತೆಯಲ್ಲೇ ಇದೆ. ಇಪ್ಪತ್ತನೆಯ ಶತಮಾನದಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಪಿ. ಜೆ. ದೇಶಪಾಂಡೆ ಅವರು ಅದಕ್ಕೆ ಮರುಜೀವ ಕೊಟ್ಟರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಲವು ಕೇಂದ್ರಗಳಲ್ಲಿ ಅದನ್ನು ಶಸ್ತ್ರಚಿಕಿತ್ಸೆಯೊಂದಿಗೆ ಹೋಲಿಸಿ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕ್ಷಾರಸೂತ್ರದಲ್ಲಿ ಗಾಯ ಮಾಯಲು ಸುಮಾರು ಎಂಟು ವಾರ ಬೇಕಾಯಿತು, ಶಸ್ತ್ರಚಿಕಿತ್ಸೆಯಲ್ಲಿ ನಾಲ್ಕು. ಮರುಕಳಿಸಿದ್ದು ಮಾತ್ರ ಕ್ಷಾರಸೂತ್ರದಲ್ಲಿ ಶೇ 4, ಶಸ್ತ್ರಚಿಕಿತ್ಸೆಯಲ್ಲಿ ಶೇ 11. ನಮ್ಮ ಕಡೆಯವರು ಈ ಅಂಕಿಗಳನ್ನು ಹೇಳಲು ಹಿಂದೆ ಮುಂದೆ ನೋಡುತ್ತಾರೆ, ಹೇಳಬೇಕು.

ಜೊತೆಗೆ ಇನ್ನೊಂದನ್ನೂ ಹೇಳಬೇಕು. ದಾರವಾಗಲಿ ಚಾಕುವಾಗಲಿ, ಕೊನೆಗೆ ಕೊಯ್ಯುವುದು ಸ್ನಾಯುವನ್ನೇ. ಭಗಂದರ ಎಂದರೆ ಗುದಮಾರ್ಗದ ಒಳಗಿನಿಂದ ಹೊರಚರ್ಮದವರೆಗೆ ಕೊರೆದ ಸುರಂಗ. ಅದು ದ್ವಾರವನ್ನು ಬಿಗಿಹಿಡಿಯುವ ಸ್ನಾಯುವಿನ ಎಷ್ಟು ಭಾಗವನ್ನು ಹಾದುಹೋಗಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಸೇಂಟ್ ಮಾರ್ಕ್ಸ್‌ನ ಅಲನ್ ಪಾರ್ಕ್ಸ್ 1976ರಲ್ಲಿ ಮಾಡಿದ ವರ್ಗೀಕರಣವನ್ನೇ ನಾವು ಇಂದಿಗೂ ಬಳಸುವುದು ಇದಕ್ಕಾಗಿ. ಕೆಳಮಟ್ಟದ ಸುರಂಗವನ್ನು ಸೀಳಿ ತೆರೆದರೆ ಮಾಯುತ್ತದೆ. ಮೇಲ್ಮಟ್ಟದ್ದನ್ನು ಹಾಗೆ ಸೀಳಿದರೆ ಭಗಂದರ ಹೋಗಿ ಹಿಡಿತವೂ ಹೋಗುತ್ತದೆ. ಅಂಥವರಿಗೆ ಮೊದಲು ಎಂಆರ್‌ಐ ಮಾಡಿಸಿ ನಕ್ಷೆ ನೋಡುತ್ತೇವೆ, ಕೀವು ಹರಿಯಲು ಸಡಿಲವಾದ ದಾರ ಬಿಡುತ್ತೇವೆ, ಆಮೇಲೆ ಲಿಫ್ಟ್ (LIFT) ಎಂಬ ಶಸ್ತ್ರಚಿಕಿತ್ಸೆಯಂಥ, ಸ್ನಾಯು ಉಳಿಸುವ ವಿಧಾನಕ್ಕೆ ಹೋಗುತ್ತೇವೆ. ಎರಡು ಮೂರು ಹಂತ ಬೇಕಾಗಬಹುದು, ಮತ್ತೆ ಬರಲೂಬಹುದು. ಕ್ಷಾರಸೂತ್ರ ಮಾಡಿಸುವುದಾದರೆ ಶಲ್ಯತಂತ್ರದಲ್ಲಿ, ಅಂದರೆ ಆಯುರ್ವೇದದ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ, ಎಂಎಸ್ ಮಾಡಿದವರಲ್ಲೇ ಮಾಡಿಸಿ.

ಅವಸರಪಡುವವರಿಗೆ ನಾನು ಹದಿನಾಲ್ಕನೆಯ ಲೂಯಿಯ ಕತೆ ಹೇಳುತ್ತೇನೆ. ಫ್ರಾನ್ಸಿನ ಆ ದೊರೆಗೆ ಭಗಂದರವಾಗಿತ್ತು. ಶಸ್ತ್ರವೈದ್ಯ ಫೆಲಿಕ್ಸ್ ತಿಂಗಳುಗಟ್ಟಲೆ ಬಡರೋಗಿಗಳ ಮೇಲೆ ಅಭ್ಯಾಸ ಮಾಡಿ, 1686ರ ನವೆಂಬರ್ 18ರಂದು ವರ್ಸೈಲ್ಸ್‌ನಲ್ಲಿ ಅರಿವಳಿಕೆಯಿಲ್ಲದೆ ಕೊಯ್ದ. ದೊರೆ ಬದುಕಿ ಬಹುಮಾನ ಕೊಟ್ಟ. ಅಭ್ಯಾಸಕ್ಕೆ ಸಿಕ್ಕ ಬಡವರ ಗತಿ ಏನಾಯಿತೆಂದು ಯಾರೂ ಹೆಚ್ಚು ಬರೆದಿಲ್ಲ.

ಮೂಲವ್ಯಾಧಿಗೆ ಲೇಸರ್ ಎಂದರೆ ನೋವೇ ಇಲ್ಲವಂತೆ?

ಕೆಲವರಿಗೆ ನೋವು ಕಡಿಮೆ, ಅದು ನಿಜ. ದೊಡ್ಡ ಮೊಳೆಗಳಲ್ಲಿ ಮರುಕಳಿಸುವ ಸಾಧ್ಯತೆ ಹೆಚ್ಚು, ಅದೂ ನಿಜ. ಜಾಹೀರಾತಿನಲ್ಲಿ ಎರಡನೆಯದು ಇರುವುದಿಲ್ಲ. ಬ್ಯಾಂಡ್ ಸಾಕಾಗುವ ಕಡೆ ಲೇಸರ್ ಪ್ಯಾಕೇಜ್ ಹೇಳಿದರೆ ಎರಡನೆಯ ಅಭಿಪ್ರಾಯ ಕೇಳಿ.

ಕೊಲೊನೋಸ್ಕೋಪಿ ಯಾರಿಗೆ? ತಯಾರಿ ಹೇಗೆ?

ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡಕರುಳಿನ ಒಳಗೆ ನೋಡುವ ಪರೀಕ್ಷೆ ಇದು. ಮೇಲೆ ಹೇಳಿದ ಅಪಾಯದ ಲಕ್ಷಣಗಳಿದ್ದವರಿಗೆ. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದರೆ ನಲವತ್ತನೆಯ ವಯಸ್ಸಿಗೆ, ಅಥವಾ ಅವರಿಗೆ ರೋಗ ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮುಂಚೆ, ಯಾವುದು ಮೊದಲೋ ಆಗ. ಅಮೆರಿಕದಲ್ಲಿ ತೊಂದರೆ ಇಲ್ಲದವರಿಗೂ 45ರಿಂದ ತಪಾಸಣೆ ಶುರು. ನಮ್ಮ ಸರ್ಕಾರಿ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್‌ಗಳಿವೆ, ಕರುಳಿನದು ಇಲ್ಲ.

ತಯಾರಿಯೇ ಕಷ್ಟ, ಪರೀಕ್ಷೆ ಸುಲಭ. ಎರಡು ದಿನ ಮುಂಚಿನಿಂದ ಸೊಪ್ಪು, ಬೀಜವಿರುವ ಹಣ್ಣು, ಟೊಮೆಟೊ, ಮುದ್ದೆ ಬೇಡ. ಮೆತ್ತನೆಯ ಅನ್ನ, ಮಜ್ಜಿಗೆ, ಇಡ್ಲಿ ಸಾಕು. ಹಿಂದಿನ ದಿನ ತಿಳಿಯಾದ ದ್ರವ ಮಾತ್ರ, ಜೊತೆಗೆ ಭೇದಿಯ ಪುಡಿ ಕಲಸಿದ ನೀರು. ಕೊನೆಗೆ ಹೋಗುವುದು ತಿಳಿ ಹಳದಿ ನೀರಿನಂತಿರಬೇಕು. ಕಬ್ಬಿಣದ ಮಾತ್ರೆಯನ್ನು ಒಂದು ವಾರ ಮುಂಚೆ ನಿಲ್ಲಿಸಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಕೇಳದೆ ನಿಲ್ಲಿಸಬೇಡಿ.

ಕ್ಯಾನ್ಸರ್ ಎಂದು ಬಂತು. ನಾಳೆಯೇ ತೆಗೆದುಬಿಡಿ ಎಂದರೆ ನೀವು ಸ್ಕ್ಯಾನ್ ಎನ್ನುತ್ತೀರಲ್ಲ?

ಈ ಗಡ್ಡೆ ಹತ್ತು ದಿನದಲ್ಲಿ ಬೆಳೆದದ್ದಲ್ಲ. ಪಾಲಿಪ್‌ನಿಂದ, ಅಂದರೆ ಕರುಳಿನ ಒಳಪೊರೆಯ ಮೇಲಿನ ಸಣ್ಣ ಗಂಟಿನಿಂದ, ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷ ಹಿಡಿಯುತ್ತದೆ. ಹತ್ತು ದಿನ ತೆಗೆದುಕೊಂಡು ಯೋಜನೆ ಮಾಡಿದರೆ ಲಾಭವೇ. ಶಸ್ತ್ರವೈದ್ಯರು, ವಿಕಿರಣ ತಜ್ಞರು, ಕಿಮೊ ತಜ್ಞರು, ಸ್ಕ್ಯಾನ್ ಓದುವವರು, ಬಯಾಪ್ಸಿ ನೋಡುವವರು ಒಂದೇ ಕೋಣೆಯಲ್ಲಿ ಕುಳಿತು ನಿಮ್ಮ ಎಂಆರ್‌ಐ ಮುಂದಿಟ್ಟುಕೊಂಡು ಚರ್ಚಿಸಬೇಕು. ಗುದನಾಳದ ಗಡ್ಡೆ ಮುಂದುವರಿದಿದ್ದರೆ ವಿಕಿರಣ, ಕಿಮೊ ಮೊದಲು, ಶಸ್ತ್ರಚಿಕಿತ್ಸೆ ನಂತರ. ಕೆಲವರಲ್ಲಿ ಅಷ್ಟಕ್ಕೇ ಗಡ್ಡೆ ಪೂರ್ತಿ ಕರಗಿಬಿಡುತ್ತದೆ. ಅಂಥವರನ್ನು ಕೊಯ್ಯದೆ ಕಣ್ಣಿಟ್ಟು ಕಾಯಬಹುದು ಎಂದು ತೋರಿಸಿದವರು ಬ್ರೆಜಿಲ್‌ನ ಆಂಜೆಲಿಟಾ ಹಬ್ರ್‌-ಗಾಮಾ. ಶಸ್ತ್ರವೈದ್ಯೆಯೊಬ್ಬರು ಶಸ್ತ್ರಚಿಕಿತ್ಸೆ ಬೇಡ ಎಂದಾಗ ಜಗತ್ತು ಮೊದಲು ನಂಬಲಿಲ್ಲ.

ಕೊಯ್ಯಬೇಕಾದಾಗ ಹೇಗೆ ಕೊಯ್ಯುತ್ತೇವೆ ಎಂಬುದರಲ್ಲಿ ತರಬೇತಿ ಗೊತ್ತಾಗುತ್ತದೆ. ಕಿತ್ತಳೆಯ ತೊಳೆಯನ್ನು ಅದರ ತೆಳುಪೊರೆ ಹರಿಯದಂತೆ ಬಿಡಿಸಿ ನೋಡಿದ್ದೀರಾ? ಗುದನಾಳದ ಸುತ್ತ ಕೊಬ್ಬು, ಅದರೊಳಗೆ ಕ್ಯಾನ್ಸರ್ ಹರಡಬಹುದಾದ ದುಗ್ಧಗ್ರಂಥಿಗಳು (ಲಿಂಫ್ ನೋಡ್), ಅದಕ್ಕೆ ಹೊರಗಿನಿಂದ ಅಂಥದೇ ಒಂದು ಪೊರೆ. ಪೊರೆ ಹರಿಯದಂತೆ ಇಡಿಯಾಗಿ ತೆಗೆದರೆ ಅದೇ ಜಾಗದಲ್ಲಿ ಕ್ಯಾನ್ಸರ್ ಮರುಕಳಿಸುವುದು ಬಹಳ ಕಡಿಮೆಯಾಗುತ್ತದೆ ಎಂದು ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್‌ನ ಬಿಲ್ ಹೀಲ್ಡ್ 1982ರಲ್ಲಿ ಬರೆದರು. ಆ ಪೊರೆಯ ಹೊರಗೇ ಮೂತ್ರ ಮತ್ತು ಲೈಂಗಿಕ ಶಕ್ತಿಯ ನರಗಳು ಹಾದುಹೋಗುತ್ತವೆ. ಒಂದಿಷ್ಟು ಒಳಗೆ ಹೋದರೆ ಕ್ಯಾನ್ಸರ್ ಉಳಿಯಬಹುದು, ಹೊರಗೆ ಹೋದರೆ ನರ ಕಡಿಯಬಹುದು. ಗಂಡಸರು ಈ ನರಗಳ ವಿಷಯ ಕೇಳಲು ಹಿಂಜರಿಯುತ್ತಾರೆ, ಅದಕ್ಕೆ ನಾನೇ ಎತ್ತುತ್ತೇನೆ. ಗುದನಾಳ ಹೋದ ಮೇಲೆ ದಿನಕ್ಕೆ ಆರೇಳು ಸಲ ಹೋಗಬೇಕಾಗಬಹುದು ಎಂಬುದನ್ನೂ ಮೊದಲೇ ಹೇಳುತ್ತೇನೆ. ಮೊದಲೇ ತಿಳಿದವರು ಅದಕ್ಕೆ ಹೊಂದಿಕೊಳ್ಳುತ್ತಾರೆ.

ಹೊಟ್ಟೆಯ ಮೇಲೆ ಚೀಲ ಬೇಡ, ಅದಕ್ಕಿಂತ ಸಾಯುವುದೇ ವಾಸಿ.

ಇದು ಪ್ರಶ್ನೆಯಲ್ಲ, ಆದರೆ ವಾರಕ್ಕೊಮ್ಮೆ ಕೇಳುತ್ತೇನೆ. ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಹೊಲಿಯುವುದಕ್ಕೆ ಸ್ಟೋಮಾ ಎನ್ನುತ್ತೇವೆ; ಅಲ್ಲಿಂದ ಬರುವ ಮಲ ಚೀಲದಲ್ಲಿ ಸೇರುತ್ತದೆ. ಎಷ್ಟೋ ಜನರಿಗೆ ಇದು ತಾತ್ಕಾಲಿಕ; ಒಳಗೆ ಕರುಳಿನ ತುದಿಗಳನ್ನು ಕೂಡಿಸಿದ ಜೋಡಣೆ ಗಟ್ಟಿಯಾದ ಮೇಲೆ ಮುಚ್ಚುತ್ತೇವೆ. ಕೆಲವರಿಗೆ ಶಾಶ್ವತ.

ನಾನು ಪಿಜಿ ಮಾಡುತ್ತಿದ್ದಾಗ ಒಬ್ಬ ತಾಯಿಗೆ ಗುದನಾಳದ ಆಪರೇಷನ್ ಆಯಿತು. ಗಡ್ಡೆ ಚೆನ್ನಾಗಿ ಬಂತು, ವರದಿಯೂ ಚೆನ್ನಾಗಿತ್ತು, ನಾವೆಲ್ಲ ಖುಷಿಯಾಗಿದ್ದೆವು. ಎರಡು ತಿಂಗಳ ಮೇಲೆ ಅವರು ನೈಟಿಯಲ್ಲೇ ಆಸ್ಪತ್ರೆಗೆ ಬಂದರು. ಸ್ಟೋಮಾ ಸರಿಯಾಗಿ ಲಂಗದ ಲಾಡಿ ಕಟ್ಟುವ ಗೆರೆಯ ಮೇಲೆ ಕುಳಿತಿತ್ತು. ಸೀರೆ ಉಡಲಾಗುತ್ತಿರಲಿಲ್ಲ. ತಂಗಿಯ ಮಗಳ ಮದುವೆಗೂ ಹೋಗಿರಲಿಲ್ಲ. ಆಪರೇಷನ್‌ಗೆ ಮುಂಚೆ ಅವರನ್ನು ಎದ್ದು ಕೂರಿಸಿ ನೋಡಿದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಮಲಗಿದ್ದ ಹೊಟ್ಟೆಯ ಮೇಲೆ ಪುಸ್ತಕದಲ್ಲಿದ್ದ ಜಾಗ ಹುಡುಕಿದ್ದೆವು.

ಅಂದಿನಿಂದ ನನ್ನ ರೋಗಿಗಳು ಹಿಂದಿನ ದಿನವೇ ತಮ್ಮ ಸೀರೆ, ಪಂಚೆ, ಪ್ಯಾಂಟು ಏನು ತೊಡುತ್ತಾರೋ ಅದರಲ್ಲೇ ಬರಬೇಕು. ಮೊದಲು ನಿಲ್ಲಿಸಿ, ಆಮೇಲೆ ಕುರ್ಚಿಯಲ್ಲಿ ಕೂರಿಸಿ, ಕೊನೆಗೆ ನೆಲದ ಮೇಲೆ ಚಾಪೆ ಹಾಸಿ ಚಕ್ಕಳಮಕ್ಕಳ ಕೂರಿಸುತ್ತೇನೆ, ಊಟಕ್ಕೆ ಕೂರುವಂತೆ. ಹೊಟ್ಟೆಯ ಮಡಿಕೆ ಎಲ್ಲಿ ಬೀಳುತ್ತದೆ, ಪಂಚೆಯ ಗಂಟು ಎಲ್ಲಿ ಒತ್ತುತ್ತದೆ ನೋಡಿ, ಅವರ ಕಣ್ಣಿಗೆ ಕಾಣುವ, ಕೈಗೆ ಎಟುಕುವ ಜಾಗದಲ್ಲಿ ಮಾರ್ಕರ್‌ನಿಂದ ಗುರುತು ಹಾಕುತ್ತೇನೆ. ಸ್ಟೋಮಾ ನರ್ಸ್ ಒಂದು ಖಾಲಿ ಚೀಲ ಅಂಟಿಸಿ ಆ ರಾತ್ರಿ ಹಾಗೇ ಮಲಗಲು ಹೇಳುತ್ತಾರೆ. ಹತ್ತು ನಿಮಿಷದ ಕೆಲಸ, ಯಂತ್ರ ಬೇಡ, ಖರ್ಚಿಲ್ಲ.

ಚೀಲವಿದ್ದರೂ ಸ್ನಾನ ಮಾಡಬಹುದು, ಪ್ರಯಾಣಿಸಬಹುದು, ಹೊಲದ ಕೆಲಸಕ್ಕೂ ಹೋಗಬಹುದು. ತುಂಬ ಭಾರ ಎತ್ತುವುದು ಬೇಡ. ಪೂಜೆಗೆ ಕೂರಬಹುದೇ, ಮಡಿ ಕೆಡುತ್ತದೆಯೇ ಎಂದು ಕೇಳಿದ ಅರ್ಚಕರೊಬ್ಬರಿಗೆ ನಾನು ಉತ್ತರಿಸಲಿಲ್ಲ. ಅದೇ ವಾರ್ಡಿನಲ್ಲಿ ಎರಡು ವರ್ಷದಿಂದ ಚೀಲವಿದ್ದ ಇನ್ನೊಬ್ಬರ ಜೊತೆ ಮಾತನಾಡಿಸಿದೆ. "ಎಲ್ಲರ ಹೊಟ್ಟೆಯಲ್ಲೂ ಇರುವುದೇ ಅಲ್ಲವೇ ಸ್ವಾಮಿ, ನಮ್ಮದು ಒಂದು ಗೇಣು ಮೇಲಿದೆ ಅಷ್ಟೇ" ಎಂದರು ಅವರು.

ರೋಬೋಟ್ ಆಪರೇಷನ್ ಮಾಡುತ್ತದೆಯೇ?

ಮಾಡುವುದು ಮನುಷ್ಯರೇ, ರೋಬೋಟ್ ಅವರ ಕೈ ಆಡಿಸಿದಂತೆ ಆಡುವ ಉಪಕರಣ. ಕಿರಿದಾದ ಸೊಂಟಗೂಡಿನೊಳಗೆ ಕೆಲಸ ಮಾಡಲು ಅದು ಅನುಕೂಲ. ಲ್ಯಾಪರೋಸ್ಕೋಪಿಗಿಂತ ದುಬಾರಿ. ಸಾಲ ಮಾಡಿ ರೋಬೋಟ್ ಕೇಳಬೇಡಿ.

ಆಪರೇಷನ್ ಆದ ಮೇಲೆ ಎಷ್ಟು ದಿನ ಉಪವಾಸ?

ಹಿಂದೆ ಗಾಳಿ ಹೋಗುವ ತನಕ ತೊಟ್ಟು ನೀರು ಕೊಡುತ್ತಿರಲಿಲ್ಲ. ಡೆನ್ಮಾರ್ಕಿನ ಹೆನ್ರಿಕ್ ಕೆಹ್ಲೆಟ್ 1990ರ ದಶಕದಲ್ಲಿ ಇದನ್ನು ಪ್ರಶ್ನಿಸಿದ ಮೇಲೆ ಕ್ರಮ ಬದಲಾಯಿತು. ಈಗ ಆಪರೇಷನ್‌ಗೆ ಎರಡು ಗಂಟೆ ಮುಂಚಿನ ತನಕ ತಿಳಿ ದ್ರವ ಕುಡಿಯಬಹುದು, ಅದೇ ದಿನ ಸಂಜೆ ಗುಟುಕು ಗುಟುಕಾಗಿ ನೀರು, ಮರುದಿನ ಗಂಜಿ, ಇಡ್ಲಿ, ಹಾಸಿಗೆಯಿಂದೆದ್ದು ನಡಿಗೆ. ಮನೆಯವರು "ಪಾಪ, ಮಲಗಿರಲಿ" ಎಂದು ನಮ್ಮ ನರ್ಸ್‌ಗಳ ಜೊತೆ ಜಗಳವಾಡುತ್ತಾರೆ. ದಯವಿಟ್ಟು ಆಡಬೇಡಿ, ನಡೆಸಿ.

"ನೀವು ಇಂಥ ಎಷ್ಟು ಆಪರೇಷನ್ ಮಾಡಿದ್ದೀರಿ" ಎಂದು ಡಾಕ್ಟರನ್ನು ಕೇಳಬಹುದೇ?

ಕೇಳಲೇಬೇಕು. ಸಿಟ್ಟಾದರೆ ಅದೇ ಒಂದು ಉತ್ತರ. ವರ್ಷಕ್ಕೆ ಎಷ್ಟು, ಜೋಡಣೆ ಸೋರಿದ್ದು ಎಷ್ಟು, ಸೋರಿದರೆ ಏನು ಮಾಡುತ್ತೀರಿ ಎಂದು ಕೇಳಿ. ಗುದನಾಳದ ಕೆಳಭಾಗದ ಜೋಡಣೆಗಳಲ್ಲಿ ನೂರಕ್ಕೆ ಐದರಿಂದ ಹದಿನೈದು ಸೋರುವುದುಂಟು, ಒಳ್ಳೆಯ ಕೈಗಳಲ್ಲೂ. ನನ್ನದ್ಯಾವುದೂ ಸೋರುವುದಿಲ್ಲ ಎನ್ನುವವರು ಒಂದೋ ಹೆಚ್ಚು ಮಾಡಿಲ್ಲ, ಇಲ್ಲವೇ ಲೆಕ್ಕ ಇಟ್ಟಿಲ್ಲ.

ಅಮ್ಮನಿಗೆ ಕ್ಯಾನ್ಸರ್ ಎಂದು ಹೇಳಬೇಡಿ, ತಡೆದುಕೊಳ್ಳುವುದಿಲ್ಲ.

ಬಾಗಿಲ ಬಳಿ ನಿಂತು ಕೇಳುವ ಮಾತು ಇದೇ. ಪ್ರೀತಿಯಿಂದಲೇ ಕೇಳುತ್ತಾರೆ. ನಾನು ಸುಳ್ಳು ಹೇಳುವುದಿಲ್ಲ, ಎಲ್ಲವನ್ನೂ ಒಮ್ಮೆಲೇ ಸುರಿಯುವುದೂ ಇಲ್ಲ. "ನಿಮಗೆ ಏನಾಗಿದೆ ಅಂದುಕೊಂಡಿದ್ದೀರಮ್ಮಾ?" ಎಂದು ಅವರನ್ನೇ ಕೇಳುತ್ತೇನೆ. ಹೆಚ್ಚಿನವರಿಗೆ ಗೊತ್ತಿರುತ್ತದೆ. "ಮಕ್ಕಳಿಗೆ ಹೇಳಬೇಡಿ ಡಾಕ್ಟರೇ, ಗಾಬರಿಯಾಗುತ್ತಾರೆ" ಎಂದವರೂ ಇದ್ದಾರೆ. ತಿಳಿಯುವುದು ಬೇಡ ಎಂದು ರೋಗಿಯೇ ಹೇಳಿದರೆ ಅದನ್ನೂ ಗೌರವಿಸುತ್ತೇನೆ. ಚೀಲ ಬರಬಹುದಾದ ಆಪರೇಷನ್‌ಗೆ ಮಾತ್ರ ಅವರಿಗೆ ತಿಳಿಯದೆ ಕೈ ಹಾಕುವುದಿಲ್ಲ.

ಖರ್ಚಿಗೆ ಏನು ದಾರಿ?

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಕಾರ್ಡ್ ವಿಚಾರಿಸಿ. ಕ್ಯಾನ್ಸರ್‌ಗೆ ಬೆಂಗಳೂರಿನ ಕಿದ್ವಾಯಿ ಇದೆ. ಆರೋಗ್ಯ ಕರ್ನಾಟಕ ಯೋಜನೆಗೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ, ಅದನ್ನು ಮುಂಚೆಯೇ ಮಾಡಿಸಿಕೊಳ್ಳಿ.

ಯಾವಾಗ ಅಪಾಯಿಂಟ್‌ಮೆಂಟ್ ಕಾಯದೆ ಬರಬೇಕು?

ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ. ರಕ್ತ ಹೋಗಿ ತಲೆ ಸುತ್ತಿದರೆ. ಗುದದ ಪಕ್ಕ ಬಾವು ಬಂದು ಜ್ವರವಿದ್ದರೆ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರು. ಆ ಕೀವನ್ನು ಹೊರಗೆ ತೆಗೆಯಬೇಕು, ಮಾತ್ರೆಯಲ್ಲಿ ಒಣಗಿಸಲು ನೋಡಬೇಡಿ.

ಬರುವಾಗ ಏನು ತರಬೇಕು?

ಹಳೆಯ ಚೀಟಿ, ವರದಿ, ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ. ನಾಟಿ ಔಷಧಿ ತೆಗೆದುಕೊಂಡಿದ್ದರೆ ಅದನ್ನೂ ಹೇಳಿ, ಬೈಯುವುದಿಲ್ಲ. ಸಡಿಲವಾದ ಬಟ್ಟೆ ಹಾಕಿಕೊಳ್ಳಿ. ಎನಿಮಾ ತೆಗೆದುಕೊಂಡು ಬರಬೇಕಾಗಿಲ್ಲ, ಹೊಟ್ಟೆ ಖಾಲಿ ಇರಬೇಕಾಗಿಯೂ ಇಲ್ಲ. ತಿಂಡಿ ತಿಂದೇ ಬನ್ನಿ, ಸರದಿ ಬರುವ ಹೊತ್ತಿಗೆ ಮಧ್ಯಾಹ್ನವಾಗಿರುತ್ತದೆ.